ಎಷ್ಟು ಹಾಸಿಗೆ, ಯಾವ ಇಳಿಜಾರು: ಕಾಫಿನಾಡಿನ ಹೋಂಸ್ಟೇಗಳ ಸುತ್ತಲಿನ ಗೊಂದಲ

2024ರ ಮಧ್ಯಭಾಗದಿಂದ ಈಚೆಗೆ ಕೊಡಗು ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಹೋಂಸ್ಟೇ ಮಾಲೀಕರ ಕಿವಿಗೆ ಬಿದ್ದ ಸರ್ಕಾರಿ ಸುದ್ದಿಗಳನ್ನು ಸಾಲಾಗಿ ಇಟ್ಟು ನೋಡಿದರೆ ಒಂದಕ್ಕೊಂದು ತಾಳೆಯಾಗುವುದಿಲ್ಲ. 2024ರ ಜುಲೈ 31ರಂದು ಕೇಂದ್ರ ಪರಿಸರ ಸಚಿವಾಲಯವು ಪಶ್ಚಿಮ ಘಟ್ಟದ 56,825 ಚದರ ಕಿ.ಮೀ.ಗೂ ಹೆಚ್ಚು ಪ್ರದೇಶವನ್ನು ಪರಿಸರ ಸೂಕ್ಷ್ಮವೆಂದು ಗುರುತಿಸುವ ಕರಡು ಅಧಿಸೂಚನೆಯನ್ನು ಆರನೇ ಬಾರಿಗೆ ಹೊರಡಿಸಿತು. ಅದರಲ್ಲಿ ಕರ್ನಾಟಕದ ಪಾಲು 20,668 ಚದರ ಕಿ.ಮೀ. ಎರಡು ತಿಂಗಳೊಳಗೆ, ಸೆಪ್ಟೆಂಬರ್ 26ರಂದು, ರಾಜ್ಯ ಸಚಿವ ಸಂಪುಟವು ಆ ಕರಡಿಗೆ ಆಧಾರವಾದ ಕಸ್ತೂರಿರಂಗನ್ ವರದಿಯನ್ನು ತಿರಸ್ಕರಿಸುವ ತೀರ್ಮಾನ ಕೈಗೊಂಡಿತು. 2025ರ ಫೆಬ್ರುವರಿ 1ರ ಕೇಂದ್ರ ಬಜೆಟ್ ಹೋಂಸ್ಟೇಗಳಿಗೆ ಮುದ್ರಾ ಸಾಲ ಘೋಷಿಸಿತು. ಅದೇ ವರ್ಷದ ಸೆಪ್ಟೆಂಬರ್ 22ರಿಂದ, ದಿನಕ್ಕೆ 7,500 ರೂಪಾಯಿವರೆಗಿನ ಕೋಣೆಗಳ ಮೇಲಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿಯಿತು. ಆ ತಿಂಗಳಲ್ಲೇ ಮುಳ್ಳಯ್ಯನಗಿರಿ ಕಡೆಗೆ ಹೋಗುವ ಪ್ರವಾಸಿ ವಾಹನಗಳಿಗೆ ಮಿತಿ ಹೇರಿ ಆನ್‌ಲೈನ್ ಮುಂಗಡ ನೋಂದಣಿಯನ್ನು ಕಡ್ಡಾಯ ಮಾಡಲಾಯಿತು.

ಕೋಣೆ ಕಟ್ಟಲು ಸಾಲ ಕೊಡುವುದೂ ಸರ್ಕಾರವೇ, ಕೋಣೆಗೆ ಬರುವವರ ಕಾರನ್ನು ಚೆಕ್‌ಪೋಸ್ಟ್‌ನಲ್ಲಿ ಎಣಿಸುವುದೂ ಸರ್ಕಾರವೇ ಆದಾಗ ಓದುಗರಿಗೆ ಗೊಂದಲವಾಗುವುದು ಸಹಜ. ಆದರೆ ಈ ಗೊಂದಲಕ್ಕೆ ಕಾರಣ ಇಲಾಖೆಗಳ ನಡುವಿನ ಹೊಂದಾಣಿಕೆಯ ಕೊರತೆಯಷ್ಟೇ ಅಲ್ಲ. ಕಟ್ಟಡದ ದರ್ಜೆ, ಮಾಲೀಕರು ಅಲ್ಲಿ ವಾಸವಿದ್ದಾರೆಯೇ, ಕೋಣೆಯ ಬಾಡಿಗೆ ಎಷ್ಟು ಎಂಬಂಥ ಪ್ರಶ್ನೆಗಳನ್ನು ನಮ್ಮ ನಿಯಮಗಳು ಕೇಳುತ್ತವೆ. ಬೆಟ್ಟದ ದೃಷ್ಟಿಯಿಂದ ನಿರ್ಣಾಯಕವಾದ ಎರಡು ಪ್ರಶ್ನೆಗಳು ಮಾತ್ರ ಯಾವ ಕಡತದಲ್ಲೂ ಒಟ್ಟಿಗೆ ಸಿಗುವುದಿಲ್ಲ: ಕಟ್ಟಡಕ್ಕಾಗಿ ಯಾವ ಇಳಿಜಾರನ್ನು ಕಡಿಯಲಾಯಿತು, ಮತ್ತು ಒಂದು ಕಣಿವೆಯಲ್ಲಿ ಒಟ್ಟು ಎಷ್ಟು ಹಾಸಿಗೆಗಳಿವೆ.

ಬಂಗಲೆ ನಿಂತ ಜಾಗ

ಕೊಡಗಿನಲ್ಲಿ ಐರೋಪ್ಯ ಪ್ಲಾಂಟರ್ ಒಬ್ಬರು ಮೊದಲ ಕಾಫಿ ಎಸ್ಟೇಟ್ ತೆರೆದದ್ದು 1854ರಲ್ಲಿ, ಮಡಿಕೇರಿಯ ಬಳಿ. ಬಾಬಾಬುಡನ್‌ಗಿರಿ ಸುತ್ತಿನಲ್ಲಿ ಎಸ್ಟೇಟ್‌ಗಳು ಅದಕ್ಕೂ ಮುಂಚೆಯೇ ತಲೆಯೆತ್ತಿದ್ದವು. ಇಂದು ‘ಹೆರಿಟೇಜ್ ಸ್ಟೇ’ ಎಂದು ಮಾರಾಟವಾಗುವ ಬಂಗಲೆಗಳಲ್ಲಿ ಹೆಚ್ಚಿನವು ಆ ಕಾಲದ ಮತ್ತು ಅದರ ನಂತರದ ಆರೇಳು ದಶಕಗಳ ಎಸ್ಟೇಟ್ ಜೀವನದ ಉಳಿಕೆಗಳು. ಮಂಗಳೂರು ಹೆಂಚಿನ ಎತ್ತರದ ಮಾಡು, ಮನೆಯ ಮೂರು ಬದಿಗೂ ಚಾಚಿದ ವರಾಂಡ, ಕೆಂಪು ಗಾರೆಯ ನೆಲ, ಹಜಾರದಲ್ಲೊಂದು ಬೆಂಕಿಗೂಡು, ಹಿಂಬದಿಗೆ ಪ್ರತ್ಯೇಕವಾಗಿ ನಿಂತ ಅಡುಗೆಮನೆ: ಇವುಗಳ ವಿನ್ಯಾಸ ಸಾಮಾನ್ಯವಾಗಿ ಹೀಗೆ. ಪೊಲ್ಲಿಬೆಟ್ಟ ಸುತ್ತಮುತ್ತಲಿನ ಟಾಟಾ ಕಾಫಿ ಬಂಗಲೆಗಳು ಈಗ ತಾಜ್ ಹೋಟೆಲ್ ಸಮೂಹದ ‘ಅಮಾ’ ಹೆಸರಿನಡಿ ಅತಿಥಿಗಳನ್ನು ಸ್ವೀಕರಿಸುತ್ತಿವೆ. ಇದಕ್ಕೆ ಸಮಾನಾಂತರವಾಗಿ ಸ್ಥಳೀಯ ಪರಂಪರೆಯೂ ಇದೆ. ಕೊಡವ ಒಕ್ಕಗಳ, ಅಂದರೆ ಕುಲಗಳ, ಮೂಲಮನೆಯಾದ ಐನ್‌ಮನೆ ಮತ್ತು ಚಿಕ್ಕಮಗಳೂರು ಸೀಮೆಯ ತೊಟ್ಟಿಮನೆಗಳಲ್ಲಿ ಕೆಲವು ಇಂದು ಪ್ರವಾಸಿಗರಿಗೆ ತೆರೆದಿವೆ. ಕಯ್ಯಾಲೆ ಎಂಬ ಜಗಲಿಯ ಐಮರದ (ಮರದ ಹಲಗೆಯ) ಮೇಲೆ ಕುಳಿತು ಗದ್ದೆ ನೋಡುವುದಕ್ಕೆ ಬೆಂಗಳೂರಿನವರು ಹಣ ಕೊಡುತ್ತಾರೆ ಎಂಬುದು ಆ ಮನೆಗಳ ಹಿರಿಯರಿಗೆ ಇನ್ನೂ ಪೂರ್ತಿ ನಂಬಿಕೆಯಾಗದ ಸಂಗತಿ.

ಈ ಹಳೆಯ ಕಟ್ಟಡಗಳ ಶೈಲಿಗಿಂತ ಅವು ನಿಂತ ಜಾಗ ಮುಖ್ಯವಾದದ್ದು. ಗುದ್ದಲಿ, ಹಾರೆ, ಕೂಲಿಯಾಳುಗಳಷ್ಟೇ ಇದ್ದ ಕಾಲದಲ್ಲಿ ಬೆಟ್ಟದ ಮೈಯನ್ನು ಕಡಿದು ಸಮತಟ್ಟು ಮಾಡುವುದು ದುಬಾರಿ ಕೆಲಸವಾಗಿತ್ತು. ಆದ್ದರಿಂದ ಕಟ್ಟುವವರು ಸಹಜವಾಗಿ ಸಮತಟ್ಟಾದ ದಿಣ್ಣೆಯನ್ನೋ ಗದ್ದೆಯ ಮೇಲಂಚಿನ ಗಟ್ಟಿ ನೆಲವನ್ನೋ ಹುಡುಕಿದರು. ಮಳೆಗಾಲದ ನೀರು ಸುತ್ತು ಹಾಕಿ ಹೋಗುವಂತೆ ಚರಂಡಿ ತೋಡಿ, ಆ ಚರಂಡಿಯನ್ನು ಪ್ರತಿ ವರ್ಷ ಮೇ ತಿಂಗಳಲ್ಲಿ ಬಿಡಿಸುವುದು ಎಸ್ಟೇಟಿನ ಕಡ್ಡಾಯ ಕೆಲಸಗಳಲ್ಲಿ ಒಂದಾಗಿತ್ತು. ಇದನ್ನು ಪರಿಸರ ಪ್ರಜ್ಞೆ ಎಂದು ಹೊಗಳಬೇಕಾಗಿಲ್ಲ. ಅದೇ ಪ್ಲಾಂಟರುಗಳು ಎಸ್ಟೇಟಿಗಾಗಿ ಸಾವಿರಾರು ಎಕರೆ ಕಾಡು ಕಡಿದವರು. ಕೆಲಸದ ಖರ್ಚು ಅವರನ್ನು ಒಳ್ಳೆಯ ಜಾಗಕ್ಕೆ ಕಟ್ಟಿಹಾಕಿತ್ತು. ಜೆಸಿಬಿ ಮತ್ತು ಹಿಟಾಚಿ ಬಂದ ಮೇಲೆ ಆ ಕಟ್ಟು ಸಡಿಲವಾಯಿತು.

ಕಾಫಿಯ ಬೆಲೆ ಬಿದ್ದಾಗ

ಹೋಂಸ್ಟೇ ಈ ಜಿಲ್ಲೆಗಳಲ್ಲಿ ಹವ್ಯಾಸವಾಗಿ ಹುಟ್ಟಿದ್ದಲ್ಲ. 1989ರಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ರಫ್ತು ಕೋಟಾ ವ್ಯವಸ್ಥೆ ಮುರಿದುಬಿತ್ತು. 1990ರ ದಶಕದಲ್ಲಿ ಬೆಳೆಗಾರರ ಕಾಫಿಯನ್ನು ಒಟ್ಟುಗೂಡಿಸಿ ಮಾರುತ್ತಿದ್ದ ಕಾಫಿ ಮಂಡಳಿಯ ಪೂಲ್ ವ್ಯವಸ್ಥೆಯೂ ಹಂತಹಂತವಾಗಿ ಕೊನೆಗೊಂಡು ಬೆಳೆಗಾರ ನೇರವಾಗಿ ಜಾಗತಿಕ ಮಾರುಕಟ್ಟೆಗೆ ತೆರೆದುಕೊಂಡ. ಮೊದಲು ಅದು ಲಾಭವನ್ನೇ ತಂದಿತಾದರೂ 2001ರ ಹೊತ್ತಿಗೆ ಕಾಫಿಯ ಬೆಲೆ ಮೂರು ದಶಕಗಳಲ್ಲೇ ಕೆಳಮಟ್ಟಕ್ಕೆ ಕುಸಿಯಿತು. ಕಾಂಡಕೊರಕದಿಂದ ಅರೇಬಿಕಾ ಗಿಡಗಳು ಸಾಯುತ್ತಿದ್ದ, ಬ್ಯಾಂಕಿನ ಬಡ್ಡಿ ಬೆಳೆಯುತ್ತಿದ್ದ ಆ ವರ್ಷಗಳಲ್ಲೇ ಬೆಂಗಳೂರಿನಲ್ಲಿ ಐಟಿ ಸಂಬಳದ ಹೊಸ ವರ್ಗ ವಾರಾಂತ್ಯಕ್ಕೆ ಜಾಗ ಹುಡುಕುತ್ತಿತ್ತು. ಮಕ್ಕಳು ನಗರ ಸೇರಿ ಖಾಲಿಯಾದ ಮೂರು ಕೋಣೆಗಳನ್ನು ಬಾಡಿಗೆಗೆ ಕೊಡುವುದು, ಪಂದಿ ಕರಿ ಮತ್ತು ಕಡಂಬಿಟ್ಟು ಬಡಿಸುವುದು ಅನೇಕ ಮಧ್ಯಮ ಬೆಳೆಗಾರರಿಗೆ ತೋಟ ಮಾರದೆ ಉಳಿಸಿಕೊಳ್ಳುವ ದಾರಿಯಾಯಿತು.

ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಹೋಂಸ್ಟೇ ಮಾನ್ಯತೆಯ ಮಾರ್ಗಸೂಚಿಯೂ ಇಂಥ ಮನೆಯನ್ನೇ ಮನಸ್ಸಿನಲ್ಲಿಟ್ಟುಕೊಂಡಿದೆ. ಅದರಂತೆ ಒಂದರಿಂದ ಆರು ಕೋಣೆ, ಗರಿಷ್ಠ 12 ಹಾಸಿಗೆ ಇರಬಹುದು. ಮಾಲೀಕರ ಕುಟುಂಬ ಅಲ್ಲೇ ವಾಸಿಸಬೇಕು. ಕಳೆದ ಎರಡು ದಶಕಗಳಲ್ಲಿ ಈ ಮಾದರಿಯ ಪಕ್ಕದಲ್ಲೇ ಬೇರೆ ಎರಡು ಬಗೆಯ ವಸತಿಗಳು ಬೆಳೆದವು. ಹಳೆಯ ಬಂಗಲೆಯನ್ನು ದುರಸ್ತಿ ಮಾಡಿ ನಾಲ್ಕೈದು ಕೋಣೆಗಳನ್ನು ದುಬಾರಿ ದರಕ್ಕೆ ಕೊಡುವ ಬುಟೀಕ್ ವಸತಿ ಒಂದು. ಬೆಟ್ಟದ ಬದಿಯನ್ನು ಹೊಸದಾಗಿ ಕಡಿದು, ಹತ್ತು ಹದಿನೈದು ಕಾಟೇಜು ಕಟ್ಟಿ, ಮ್ಯಾನೇಜರ್ ಒಬ್ಬನನ್ನು ಇಟ್ಟು, ಫಲಕದಲ್ಲಿ ಮಾತ್ರ ‘ಹೋಂಸ್ಟೇ’ ಎಂದು ಬರೆಯುವುದು ಇನ್ನೊಂದು. ಸುದ್ದಿಯಲ್ಲಿ ಈ ಮೂರೂ ಒಂದೇ ಹೆಸರಿನಿಂದ ಬರುವುದರಿಂದ, ಪರ ಮತ್ತು ವಿರೋಧದ ವಾದಗಳು ಬೇರೆ ಬೇರೆ ವಸ್ತುವಿನ ಬಗ್ಗೆ ನಡೆಯುತ್ತಿರುತ್ತವೆ.

ಇಎಸ್‌ಎ ಬೇರೆ, ಇಎಸ್‌ಝಡ್ ಬೇರೆ

‘ಕಸ್ತೂರಿರಂಗನ್ ವರದಿ ಜಾರಿಯಾದರೆ ಹೋಂಸ್ಟೇಗಳೆಲ್ಲ ಮುಚ್ಚುತ್ತವೆ’ ಎಂಬ ಮಾತು ಮಲೆನಾಡಿನ ಸಭೆಗಳಲ್ಲಿ ಹತ್ತು ವರ್ಷಗಳಿಂದ ಕೇಳಿಬರುತ್ತಿದೆ. ಕರಡಿನ ಪಠ್ಯ ಹಾಗೆ ಹೇಳುವುದಿಲ್ಲ. ಪರಿಸರ ಸೂಕ್ಷ್ಮ ಪ್ರದೇಶದಲ್ಲಿ, ಅಂದರೆ ಇಎಸ್‌ಎಯಲ್ಲಿ, ಅದು ಗಣಿಗಾರಿಕೆ, ಕಲ್ಲು ಕ್ವಾರಿ ಮತ್ತು ಮರಳು ತೆಗೆಯುವಿಕೆ, ಹೊಸ ಉಷ್ಣ ವಿದ್ಯುತ್ ಸ್ಥಾವರ ಹಾಗೂ ಹೆಚ್ಚು ಮಾಲಿನ್ಯ ಉಂಟುಮಾಡುವ ‘ಕೆಂಪು’ ವರ್ಗದ ಕೈಗಾರಿಕೆಗಳನ್ನು ನಿಷೇಧಿಸುತ್ತದೆ. ಕಟ್ಟಡಗಳ ವಿಷಯದಲ್ಲಿ ನಿಷೇಧವಿರುವುದು 20,000 ಚದರ ಮೀಟರ್ ಮತ್ತು ಅದಕ್ಕಿಂತ ದೊಡ್ಡ ಯೋಜನೆಗಳಿಗೆ ಹಾಗೂ ದೊಡ್ಡ ಟೌನ್‌ಶಿಪ್‌ಗಳಿಗೆ. 20,000 ಚದರ ಮೀಟರ್ ಎಂದರೆ ಎರಡು ಲಕ್ಷ ಚದರ ಅಡಿಗೂ ಹೆಚ್ಚು. ಆರು ಕೋಣೆಯ ಮನೆ ಬಿಡಿ, ಮಧ್ಯಮ ಗಾತ್ರದ ರೆಸಾರ್ಟ್ ಕೂಡ ಅದನ್ನು ಮುಟ್ಟುವುದಿಲ್ಲ. ಈಗಿರುವ ವಾಸದ ಮನೆಗಳ ದುರಸ್ತಿ, ವಿಸ್ತರಣೆ ಮತ್ತು ನವೀಕರಣಕ್ಕೆ ತಡೆಯಿಲ್ಲ ಎಂಬ ಮಾತೂ ಕರಡಿನಲ್ಲಿದೆ.

ಹಾಗಾದರೆ ಭಯ ಎಲ್ಲಿಂದ ಬಂತು? ಅದಕ್ಕೆ ಎರಡು ಮೂಲಗಳಿವೆ. ಮೊದಲನೆಯದು, ಗುರುತಿಸುವ ವಿಧಾನ. ಉಪಗ್ರಹ ಚಿತ್ರಗಳ ಆಧಾರದ ಮೇಲೆ, ಶೇ 20 ಅಥವಾ ಅದಕ್ಕಿಂತ ಹೆಚ್ಚು ಭಾಗ ಸೂಕ್ಷ್ಮವಾಗಿರುವ ಗ್ರಾಮವನ್ನು ಇಡಿಯಾಗಿ ಪಟ್ಟಿಗೆ ಸೇರಿಸಲಾಯಿತು. ಮರಗಳ ನೆರಳಿನಲ್ಲಿ ಬೆಳೆಯುವ ಕಾಫಿ ತೋಟವು ಮೇಲಿನಿಂದ ನೋಡಿದರೆ ಕಾಡಿನಂತೆಯೇ ಕಾಣುತ್ತದೆ ಎಂಬುದು ಬೆಳೆಗಾರರ ಹಳೆಯ ಆಕ್ಷೇಪ, ಮತ್ತು ಅದರಲ್ಲಿ ಹುರುಳಿದೆ. ನೆರಳಿನ ಮರ ಉಳಿಸಿಕೊಂಡವನೇ ನಿಯಮದ ವ್ಯಾಪ್ತಿಗೆ ಬಿದ್ದು, ಮರ ಕಡಿದವನು ಹೊರಗುಳಿದರೆ ನ್ಯಾಯ ತಲೆಕೆಳಗಾದಂತೆ.

ಎರಡನೆಯ ಮೂಲ, ಹೆಸರಿನ ಸಾಮ್ಯ ಇರುವ ಬೇರೊಂದು ನಿಯಮ. ರಾಷ್ಟ್ರೀಯ ಉದ್ಯಾನ ಮತ್ತು ವನ್ಯಜೀವಿ ಧಾಮಗಳ ಸುತ್ತ ಪರಿಸರ ಸೂಕ್ಷ್ಮ ವಲಯಗಳನ್ನು, ಅಂದರೆ ಇಎಸ್‌ಝಡ್‌ಗಳನ್ನು, ಪ್ರತ್ಯೇಕವಾಗಿ ಘೋಷಿಸಲಾಗುತ್ತದೆ. ಬಂಡೀಪುರದ ಸುತ್ತ ಇಂಥ ವಲಯ 2012ರಲ್ಲೇ ಬಂತು. ಇಂಥ ಅಧಿಸೂಚನೆಗಳಲ್ಲಿ ಸಾಮಾನ್ಯವಾಗಿ ಇರುವ ಷರತ್ತಿನ ಪ್ರಕಾರ, ಸಂರಕ್ಷಿತ ಅರಣ್ಯದ ಗಡಿಯಿಂದ ಒಂದು ಕಿ.ಮೀ. ಒಳಗೆ ಅಥವಾ ವಲಯದ ಅಂಚಿನವರೆಗೆ, ಎರಡರಲ್ಲಿ ಯಾವುದು ಹತ್ತಿರವೋ ಅಲ್ಲಿಯವರೆಗೆ, ಹೊಸ ವಾಣಿಜ್ಯ ಹೋಟೆಲ್ ಮತ್ತು ರೆಸಾರ್ಟ್ ಕಟ್ಟುವಂತಿಲ್ಲ. ನಾಗರಹೊಳೆ, ಬ್ರಹ್ಮಗಿರಿ, ತಲಕಾವೇರಿ, ಪುಷ್ಪಗಿರಿಗಳನ್ನು ಮಗ್ಗುಲಲ್ಲಿಟ್ಟುಕೊಂಡ ಕೊಡಗಿಗೆ ನಿಜವಾಗಿ ಬಿಸಿ ಮುಟ್ಟಿಸಬಲ್ಲದ್ದು ಈ ಬಗೆಯ ನಿಯಮ. ಹತ್ತು ವರ್ಷಗಳಿಂದ ಕರಡಾಗಿಯೇ ಉಳಿದಿರುವ ಇಎಸ್‌ಎ ವಿರುದ್ಧ ಬಂದ್ ಆಚರಿಸುವ ಜನ, ಜಾರಿಯಲ್ಲಿರುವ ಇಎಸ್‌ಝಡ್ ಷರತ್ತನ್ನು ಕಟ್ಟಡ ಪರವಾನಗಿ ತಿರಸ್ಕೃತವಾದ ದಿನ ಮೊದಲ ಬಾರಿಗೆ ಓದುತ್ತಾರೆ.

ಇಳಿಜಾರು ಕುಸಿಯುವುದು ಹೇಗೆ

2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಕಾಲೂರು, ಹಟ್ಟಿಹೊಳೆ, ಜೋಡುಪಾಲ ಸುತ್ತಮುತ್ತ ಬೆಟ್ಟಗಳು ಜಾರಿದಾಗ ವಾದದ ಸ್ವರೂಪ ಬದಲಾಯಿತು. ಮಳೆ ಅಸಾಧಾರಣವಾಗಿತ್ತು ಎಂಬುದರಲ್ಲಿ ಸಂಶಯವಿಲ್ಲ. ಆದರೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ಅಧ್ಯಯನವು ಮಳೆಯ ಜೊತೆಗೆ ಇಳಿಜಾರುಗಳನ್ನು ಮನುಷ್ಯ ಬದಲಿಸಿದ್ದನ್ನೂ ಕಾರಣವೆಂದು ಗುರುತಿಸಿತು.

ಇದರ ಕಾರ್ಯಕಾರಣ ಸಂಬಂಧವನ್ನು ಬಿಡಿಸಿ ನೋಡಬೇಕು. ಪಶ್ಚಿಮ ಕೊಡಗಿನ ಬೆಟ್ಟಗಳಲ್ಲಿ ಗಟ್ಟಿ ಬಂಡೆಯ ಮೇಲೆ ದಪ್ಪನೆಯ ಮಣ್ಣಿನ ಹೊದಿಕೆ ಇದೆ. ಭಾಗಮಂಡಲದಂಥ ಕಡೆ ವರ್ಷಕ್ಕೆ 5,000 ಮಿ.ಮೀ.ಗೂ ಹೆಚ್ಚು ಮಳೆ ಬೀಳುತ್ತದೆ. ಜೂನ್, ಜುಲೈ ಎರಡು ತಿಂಗಳು ಈ ಮಣ್ಣು ನೀರು ಕುಡಿದು ಭಾರವಾಗುತ್ತದೆ. ಆಗಸ್ಟ್‌ನಲ್ಲಿ ಮತ್ತೆ ಜೋರು ಮಳೆ ಹಿಡಿದರೆ ಮಣ್ಣಿನ ಕಣಗಳ ನಡುವಿನ ನೀರಿನ ಒತ್ತಡ ಹೆಚ್ಚಿ ಹಿಡಿತ ಕಡಿಮೆಯಾಗುತ್ತದೆ. ಅಷ್ಟಾದರೂ ಇಳಿಜಾರು ನಿಂತಿರುವುದು ಅದರ ಬುಡದ ಆಧಾರದಿಂದ. ಕಾಟೇಜಿಗೋ, ಅದಕ್ಕೆ ಹೋಗುವ ಜೀಪ್ ರಸ್ತೆಗೋ, ಕಾರು ನಿಲ್ಲಿಸುವ ಅಂಗಳಕ್ಕೋ ಆ ಬುಡವನ್ನು ನೆಟ್ಟಗೆ ಕಡಿದರೆ ಮೇಲಿನ ಮಣ್ಣಿಗೆ ಆಧಾರ ಹೋಗುತ್ತದೆ. ಕಡಿದ ಮಣ್ಣನ್ನು ಸಾಗಿಸುವ ಖರ್ಚು ಉಳಿಸಲು ಅಲ್ಲೇ ಹೊರ ಅಂಚಿಗೆ ತಳ್ಳಿ, ಅಂಗಳವನ್ನು ಅಗಲ ಮಾಡಿಕೊಳ್ಳುವುದು ರೂಢಿ. ಹೀಗೆ ತುಂಬಿದ ಮಣ್ಣು ಎಷ್ಟೇ ವರ್ಷ ಕಳೆದರೂ ಮೂಲ ನೆಲದಂತೆ ಕಚ್ಚಿಕೊಳ್ಳುವುದಿಲ್ಲ. ‘ವ್ಯೂ ಪಾಯಿಂಟ್’ ಎಂದು ಅತಿಥಿಗಳು ಕಾಫಿ ಹಿಡಿದು ನಿಲ್ಲುವುದು ಬಹಳ ಸಲ ಆ ತುಂಬು ಮಣ್ಣಿನ ಮೇಲೆಯೇ. ಇದಕ್ಕೆ ಸ್ನಾನದ ನೀರು, ಶೌಚದ ಇಂಗುಗುಂಡಿ, ಕೆಲವೆಡೆ ಈಜುಕೊಳದ ಸೋರಿಕೆ ಸೇರಿದರೆ ಮಳೆಯಿಲ್ಲದ ತಿಂಗಳಲ್ಲೂ ಮಣ್ಣು ಒಣಗುವುದಿಲ್ಲ. ಮೇಲಿನಿಂದ ಬರುವ ಸಹಜ ನೀರಿನ ಹಾದಿಗೆ ಕಟ್ಟಡ ಅಡ್ಡ ನಿಂತಿದ್ದರೆ ಆ ನೀರು ಹುಡುಕಿಕೊಳ್ಳುವ ಹೊಸ ದಾರಿ ಕೆಳಗಿನವರ ತೋಟದ ಮೂಲಕ ಹೋಗುತ್ತದೆ.

ಈ ವಿವರಣೆಯಲ್ಲಿ ಕಟ್ಟಡ ಹೋಂಸ್ಟೇಯೋ, ರೆಸಾರ್ಟೋ, ಸ್ವಂತ ವಾಸದ ಮನೆಯೋ ಎಂಬುದು ಎಲ್ಲಿಯೂ ಬರುವುದಿಲ್ಲ ಎಂಬುದನ್ನು ಗಮನಿಸಬೇಕು. ಹೋಂಸ್ಟೇಗಳಿಂದಲೇ ಬೆಟ್ಟ ಕುಸಿಯಿತು ಎಂಬ ಆರೋಪ ಈ ಕಾರಣಕ್ಕೇ ಅತಿರೇಕದ್ದು; 2020ರಲ್ಲಿ ತಲಕಾವೇರಿ ಬಳಿ ಕುಸಿದ ಬೆಟ್ಟದ ಮೇಲೆ ಯಾರ ರೆಸಾರ್ಟೂ ಇರಲಿಲ್ಲ. ಹಾಗೆಂದು ಹೋಂಸ್ಟೇಗಳಿಗೂ ಕುಸಿತಕ್ಕೂ ಸಂಬಂಧವೇ ಇಲ್ಲ ಎಂಬ ಮಾಲೀಕರ ಉತ್ತರವೂ ಪೂರ್ಣ ಸತ್ಯವಲ್ಲ. ನೋಟ ಚೆನ್ನಾಗಿರಬೇಕಾದರೆ ಕಟ್ಟಡ ಇಳಿಜಾರಿನ ಮೇಲೆಯೇ ನಿಲ್ಲಬೇಕು, ಮತ್ತು ಪ್ರವಾಸಿಗರು ಹಣ ಕೊಡುವುದು ಆ ನೋಟಕ್ಕೆ. ಅಪಾಯದ ಜಾಗಕ್ಕೇ ಹೆಚ್ಚು ಬೆಲೆ ಕೊಡುವ ಗುಣ ಈ ವ್ಯವಹಾರದ ಒಳಗೇ ಇದೆ.

ತೆರಿಗೆ ಯಾವ ಕಡೆಗೆ ತಳ್ಳುತ್ತದೆ

ಜಿಎಸ್‌ಟಿ ಇಳಿಕೆಯನ್ನು ಹೆಚ್ಚಿನವರು ಬರಿಯ ಸಿಹಿ ಸುದ್ದಿಯಾಗಿ ಓದಿದರು. 6,000 ರೂಪಾಯಿಯ ಕೋಣೆಗೆ ಮೊದಲು 720 ರೂಪಾಯಿ ತೆರಿಗೆ ಬೀಳುತ್ತಿತ್ತು, ಈಗ 300. ಆದರೆ ಇದರ ಜೊತೆಗೆ ಹೂಡುವಳಿ ತೆರಿಗೆ ಜಮೆ ರದ್ದಾಗಿದೆ. ಅಂದರೆ ಹಾಸಿಗೆ, ಗೀಸರ್, ದುರಸ್ತಿ ಸೇವೆಗಳಿಗೆ ಕೊಟ್ಟ ಜಿಎಸ್‌ಟಿಯನ್ನು ಮಾಲೀಕರು ಇನ್ನು ಹೊಂದಿಸಿಕೊಳ್ಳುವಂತಿಲ್ಲ. ಸೋರುವ ಮಾಡು, ಗೆದ್ದಲು ಹಿಡಿದ ತೊಲೆ, ವರ್ಷವರ್ಷವೂ ಬದಲಿಸಬೇಕಾದ ಹೆಂಚು ಇರುವ ಹಳೆಯ ಬಂಗಲೆಯಲ್ಲಿ ದುರಸ್ತಿಯ ಖರ್ಚು ನಿರಂತರ. ಹೊಸ ಕಾಂಕ್ರೀಟ್ ಕಾಟೇಜಿಗೆ ಆ ತಾಪತ್ರಯ ಮೊದಲ ಹತ್ತು ವರ್ಷ ಅಷ್ಟಾಗಿ ಇಲ್ಲ.

ಇದಕ್ಕಿಂತ ಮುಖ್ಯವಾದದ್ದು 7,500 ರೂಪಾಯಿಯ ಗಡಿ. ಆ ದರದ ಕೋಣೆಗೆ ತೆರಿಗೆ ಸೇರಿ 7,875 ರೂಪಾಯಿ ಆಗುತ್ತದೆ. ನೂರು ರೂಪಾಯಿ ಹೆಚ್ಚಿಸಿ 7,600 ಮಾಡಿದರೆ ಶೇ 18 ಅನ್ವಯವಾಗಿ 8,968 ರೂಪಾಯಿ ಆಗುತ್ತದೆ. ಮಾಲೀಕರಿಗೆ ನೂರು ರೂಪಾಯಿ ಬರಲು ಅತಿಥಿ ಸಾವಿರಕ್ಕೂ ಹೆಚ್ಚು ಕೊಡಬೇಕು. ಇದರ ಪರಿಣಾಮ ಸ್ಪಷ್ಟ. ಆದಾಯ ಹೆಚ್ಚಿಸಬೇಕೆನ್ನುವವರು ದರ ಏರಿಸುವ ಬದಲು ಗಡಿಯ ಕೆಳಗೇ ಉಳಿದು ಕೋಣೆಗಳ ಸಂಖ್ಯೆ ಹೆಚ್ಚಿಸುತ್ತಾರೆ. ನಾಲ್ಕು ಕೋಣೆಯನ್ನು 15,000 ರೂಪಾಯಿಗೆ ಕೊಡುವ ಹಳೆಯ ಬಂಗಲೆ ಮತ್ತು ಹನ್ನೆರಡು ಕೋಣೆಯನ್ನು 5,000ಕ್ಕೆ ಕೊಡುವ ಹೊಸ ಕಟ್ಟಡ ತುಂಬಿದಾಗ ಗಳಿಸುವುದು ದಿನಕ್ಕೆ ಅದೇ 60,000. ಆದರೆ ತೆರಿಗೆ ಮೊದಲನೆಯದಕ್ಕೆ 10,800, ಎರಡನೆಯದಕ್ಕೆ 3,000. ಐಷಾರಾಮಕ್ಕೆ ಹೆಚ್ಚು ತೆರಿಗೆ ಎಂಬ ತತ್ತ್ವ ನಗರದಲ್ಲಿ ಸರಿ ಇರಬಹುದು. ನೀರು, ರಸ್ತೆ, ಕಸ ಎಲ್ಲವೂ ಹಾಸಿಗೆಯ ಲೆಕ್ಕದಲ್ಲಿ ಹೊರೆಯಾಗುವ ಬೆಟ್ಟದಲ್ಲಿ ಅದು ಕಡಿಮೆ ಹೊರೆಯ ಮಾದರಿಗೇ ದಂಡ ವಿಧಿಸಿದಂತಾಗುತ್ತದೆ.

ಊಟ ಸೇರಿಸಿ ತಲೆಗೆ ಇಷ್ಟು ಎಂದು ಹೇಳುವ ಮಲೆನಾಡಿನ ಪದ್ಧತಿಯೂ ಇಲ್ಲಿ ತೊಡಕಾಗುತ್ತದೆ. ತಲಾ 4,000 ರೂಪಾಯಿಯಂತೆ ಇಬ್ಬರಿಗೆ ಒಂದೇ ಮೊತ್ತವಾಗಿ 8,000 ಪಡೆದರೆ ಅದನ್ನು ವಸತಿಯೇ ಪ್ರಧಾನವಾದ ಸಂಯುಕ್ತ ಪೂರೈಕೆ ಎಂದು ಪರಿಗಣಿಸಿ ಶೇ 18 ಕೇಳುವ ಸಾಧ್ಯತೆ ಇದೆ. ಕೋಣೆಗೂ ಊಟಕ್ಕೂ ಬೇರೆ ಬೇರೆ ದರ ನಮೂದಿಸುವುದರ ಹಿಂದಿನ ಕಾರಣ ಇದು.

ಇನ್ನು, ಬಹುಪಾಲು ಸಣ್ಣ ಹೋಂಸ್ಟೇಗಳು ವಾರ್ಷಿಕ 20 ಲಕ್ಷ ರೂಪಾಯಿ ವಹಿವಾಟಿನ ನೋಂದಣಿ ಮಿತಿಯೊಳಗೇ ಇರುತ್ತವೆ. ಅವು ಬುಕಿಂಗ್ ಆ್ಯಪ್ ಮೂಲಕ ಕೋಣೆ ಕೊಟ್ಟರೆ ತೆರಿಗೆ ಕಟ್ಟುವ ಹೊಣೆ ಆ ಆ್ಯಪ್‌ನದ್ದು. ನೇರವಾಗಿ ಫೋನಿನಲ್ಲಿ ಕಾಯ್ದಿರಿಸಿದರೆ ತೆರಿಗೆಯೇ ಇಲ್ಲ. ಆ್ಯಪ್‌ನ ಕಮಿಷನ್ನೂ ಉಳಿಯುವುದರಿಂದ ಹಳೆಯ ಗಿರಾಕಿಗಳಿಗೆ ‘ಮುಂದಿನ ಸಲ ನಮಗೇ ಫೋನ್ ಮಾಡಿ’ ಎಂದು ಹೇಳುವುದು ಸಾಮಾನ್ಯವಾಗಿದೆ. ಕಾನೂನಿನ ಪ್ರಕಾರ ಇದರಲ್ಲಿ ತಪ್ಪಿಲ್ಲ. ಆದರೆ ಎಷ್ಟು ಜನ ಬಂದು ಹೋದರು ಎಂಬ ಲೆಕ್ಕ ಸರ್ಕಾರದ ಕಣ್ಣಿಗೆ ಬೀಳದೆ ಉಳಿಯುತ್ತದೆ.

ಜಮೀನಿನ ಕಗ್ಗಂಟು

ಅನಧಿಕೃತ ಹೋಂಸ್ಟೇಗಳ ಮೇಲೆ ಕ್ರಮ ಎಂಬ ಸುದ್ದಿ ವರ್ಷಕ್ಕೊಮ್ಮೆಯಾದರೂ ಬರುತ್ತದೆ. ಅಂಥ ಎಲ್ಲರೂ ಕಾನೂನಿನಿಂದ ತಪ್ಪಿಸಿಕೊಳ್ಳುವವರಲ್ಲ. ಕುಟುಂಬಗಳು ವಂಶಪಾರಂಪರ್ಯವಾಗಿ ಅನುಭವಿಸಿಕೊಂಡು ಬಂದ ಕೊಡಗಿನ ಜಮ್ಮಾ ಬಾಣೆ ಜಮೀನುಗಳ ಪಹಣಿಯಲ್ಲಿ ಇಂದಿಗೂ ಒಕ್ಕದ ಯಜಮಾನರಾದ ಪಟ್ಟೇದಾರರ, ಎಷ್ಟೋ ಸಲ ತೀರಿಕೊಂಡ ಹಿರಿಯರ, ಹೆಸರೇ ಇರುತ್ತದೆ. ಆ ನೆಲದ ಮೇಲೆ ಮನೆ ಕಟ್ಟಿ ಮೂವತ್ತು ವರ್ಷ ಬಾಳಿದವರಿಗೂ ತಮ್ಮ ಒಬ್ಬರ ಹೆಸರಿನ ದಾಖಲೆ ತೋರಿಸುವುದು ಕಷ್ಟ. ದಾಖಲೆ ಇಲ್ಲದಿದ್ದರೆ ನೋಂದಣಿಯೂ ಬ್ಯಾಂಕ್ ಸಾಲವೂ ಕಷ್ಟ. ಬಜೆಟ್‌ನ ಮುದ್ರಾ ಸಾಲ ಮೊದಲು ತಲುಪುವುದು ಕಾಗದಪತ್ರ ಅಚ್ಚುಕಟ್ಟಾಗಿರುವವರಿಗೆ, ಅಂದರೆ ಇತ್ತೀಚೆಗೆ ಜಮೀನು ಕೊಂಡವರಿಗೆ.

ಕೊಳ್ಳುವ ವಿಷಯದಲ್ಲೂ ಒಂದು ತಪ್ಪು ತಿಳಿವಳಿಕೆ ಇದೆ. 2020ರಲ್ಲಿ ಭೂ ಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಂಗಳನ್ನು ತೆಗೆದುಹಾಕಿದ್ದರಿಂದ ಹೊರಗಿನವರು ಕಾಫಿ ತೋಟ ಕೊಳ್ಳಲಾರಂಭಿಸಿದರು ಎಂದು ಹೇಳಲಾಗುತ್ತದೆ. ಕಾಫಿ, ಏಲಕ್ಕಿ, ರಬ್ಬರಿನಂಥ ಪ್ಲಾಂಟೇಶನ್ ಜಮೀನುಗಳಿಗೆ ಅದೇ ಕಾಯ್ದೆಯ 104ನೇ ಕಲಂ ಮೊದಲಿನಿಂದಲೂ ವಿನಾಯಿತಿ ಕೊಟ್ಟಿತ್ತು. ಕೃಷಿಕರಲ್ಲದವರು ಆಗಲೂ ತೋಟ ಕೊಳ್ಳಬಹುದಿತ್ತು. 2020ರ ತಿದ್ದುಪಡಿ ಹೊಸದಾಗಿ ತೆರೆದದ್ದು ಗದ್ದೆಯನ್ನು ಮತ್ತು ತೋಟವಲ್ಲದ ಇತರ ಕೃಷಿ ಜಮೀನನ್ನು. ಕಣಿವೆಯ ತಳದ ಗದ್ದೆಗಳು ಮಳೆನೀರನ್ನು ಹಿಡಿದಿಟ್ಟು ನಿಧಾನವಾಗಿ ಇಂಗಿಸುವ ಜಾಗಗಳು. ಬೇಸಾಯ ನಷ್ಟವೆಂದು ಪಾಳುಬಿಟ್ಟ ಗದ್ದೆಗೆ ಮಣ್ಣು ತುಂಬಿಸಿ ಕೋಣೆ ಕಟ್ಟುವುದರ ಪರಿಣಾಮ ತೋಟದೊಳಗೆ ಕಟ್ಟುವುದಕ್ಕಿಂತ ಬೇರೆ ಬಗೆಯದು, ಮತ್ತು ಅದು ಬೇಸಿಗೆಯಲ್ಲಿ ಊರಿನ ಬಾವಿಗಳಲ್ಲಿ ಗೊತ್ತಾಗುತ್ತದೆ.

ಯಾರ ಮಾತಿನಲ್ಲಿ ಎಷ್ಟು ತೂಕ

ಹೋಂಸ್ಟೇ ಮಾಲೀಕರ ಮುಖ್ಯ ವಾದ, ಪ್ರವಾಸಿಗರ ಹಣ ನೇರವಾಗಿ ಊರಿನ ಮನೆಗೆ ಬರುವ ಏಕೈಕ ದಾರಿ ಇದು ಎಂಬುದು. ಇದು ನಿಜ, ದೊಡ್ಡ ರೆಸಾರ್ಟಿನ ಲಾಭ ಮಡಿಕೇರಿಯಲ್ಲಿ ಉಳಿಯಲೇಬೇಕೆಂದಿಲ್ಲ. ನೋಂದಾಯಿತ ಹೋಟೆಲ್ ಮತ್ತು ರೆಸಾರ್ಟ್‌ನವರು, ತಾವು ಅಗ್ನಿಶಾಮಕ ಇಲಾಖೆಯಿಂದ ಹಿಡಿದು ಮಾಲಿನ್ಯ ನಿಯಂತ್ರಣ ಮಂಡಳಿಯವರೆಗೆ ಅನುಮತಿ ಪಡೆಯಬೇಕಾದರೆ ಪಕ್ಕದ ಹದಿನೈದು ಕೋಣೆಯ ‘ಹೋಂಸ್ಟೇ’ಗೆ ಏಕೆ ಬೇಡ ಎಂದು ಕೇಳುತ್ತಾರೆ. ಅದೂ ಸರಿಯಾದ ಪ್ರಶ್ನೆಯೇ. ಪರಿಸರ ಸಂಘಟನೆಗಳ ಬೇಡಿಕೆ ಹೊಸ ಕಟ್ಟಡಗಳಿಗೆ ಪೂರ್ಣ ತಡೆ. ಅದನ್ನು ಒಪ್ಪಿದರೆ ಆಗಲೇ ಬೆಟ್ಟ ಕಡಿದು ಕಟ್ಟಿದವರ ವ್ಯಾಪಾರಕ್ಕೆ ಸ್ಪರ್ಧೆಯಿಂದ ರಕ್ಷಣೆ ಸಿಗುತ್ತದೆ ಎಂಬುದನ್ನು ಅವರು ಹೆಚ್ಚು ಚರ್ಚಿಸುವುದಿಲ್ಲ. ವ್ಯಾಪಾರದಲ್ಲಿ ಪಾಲಿಲ್ಲದ ಸ್ಥಳೀಯರ ದೂರುಗಳು ಸಣ್ಣವು ಮತ್ತು ನಿತ್ಯದವು: ಕಿರಿದಾದ ರಸ್ತೆಯಲ್ಲಿ ಎದುರಾಗುವ ಕಾರುಗಳು, ರಾತ್ರಿಯ ಸ್ಪೀಕರ್, ತೋಡಿನಲ್ಲಿ ತೇಲುವ ಬಾಟಲಿ.

ಕೊನೆಯದಕ್ಕೂ ನಿಯಮದ ಒಂದು ಕಾರಣವಿದೆ. ದಿನಕ್ಕೆ 100 ಕಿಲೋಗಿಂತ ಹೆಚ್ಚು ಕಸ ಹಾಕುವವರನ್ನು ಸಗಟು ಉತ್ಪಾದಕರೆಂದು ಪರಿಗಣಿಸಿ ಅವರ ಮೇಲೆ ವಿಶೇಷ ಹೊಣೆ ಹೊರಿಸಲಾಗುತ್ತದೆ. ಒಂದು ಹೋಂಸ್ಟೇ ಆ ಮಿತಿಯ ಹತ್ತಿರಕ್ಕೂ ಬರುವುದಿಲ್ಲ. ಒಂದೇ ಗ್ರಾಮ ಪಂಚಾಯಿತಿಯಲ್ಲಿ ಅರವತ್ತು ಹೋಂಸ್ಟೇಗಳಿದ್ದರೆ ಒಟ್ಟು ಕಸ ಸಣ್ಣ ಪಟ್ಟಣದಷ್ಟಾದರೂ ಯಾರ ಮೇಲೂ ಆ ಹೊಣೆ ಬೀಳುವುದಿಲ್ಲ.

ಹಾಸಿಗೆ ಎಣಿಸಿದವರ ಅನುಭವ

ಇಟಲಿಯ ಉತ್ತರದ ತುದಿಯಲ್ಲಿರುವ ದಕ್ಷಿಣ ಟೈರೋಲ್ ಪ್ರಾಂತ್ಯದ ಜನಸಂಖ್ಯೆ ಹೆಚ್ಚುಕಡಿಮೆ ಕೊಡಗಿನಷ್ಟೇ, ಐದೂ ಚಿಲ್ಲರೆ ಲಕ್ಷ. ಆಲ್ಪ್ಸ್ ಕಣಿವೆಗಳಲ್ಲಿ ತಲೆಮಾರುಗಳಿಂದ ನಡೆದುಬಂದ ಹಳ್ಳಿ ಛತ್ರಗಳು ಮತ್ತು ರೈತರ ಮನೆಗಳಲ್ಲಿನ ವಾಸ ಅಲ್ಲಿನ ಪ್ರವಾಸೋದ್ಯಮದ ಜೀವಾಳ. ಜನದಟ್ಟಣೆ ಮಿತಿಮೀರಿದಾಗ ಆ ಪ್ರಾಂತ್ಯವು 2022ರಲ್ಲಿ ಒಟ್ಟು ಹಾಸಿಗೆಗಳ ಸಂಖ್ಯೆಯನ್ನು 2019ರ ಮಟ್ಟಕ್ಕೆ ಸೀಮಿತಗೊಳಿಸುವ ಕಾನೂನು ತಂದಿತು. ಹೊಸ ಹಾಸಿಗೆ ಬರಬೇಕಾದರೆ ಸ್ಥೂಲವಾಗಿ ಎಲ್ಲಾದರೊಂದು ಕಡೆ ಹಳೆಯದು ಹೋಗಬೇಕು. ನಮ್ಮ ಪಕ್ಕದ ನೀಲಗಿರಿಯಲ್ಲಿ ಮದ್ರಾಸ್ ಹೈಕೋರ್ಟ್ ಬೇರೆ ದಾರಿ ಹಿಡಿಯಿತು. 2024ರ ಮೇ 7ರಿಂದ ಇ-ಪಾಸ್ ಕಡ್ಡಾಯವಾಯಿತು, 2025ರ ಬೇಸಿಗೆಯಲ್ಲಿ ವಾರದ ದಿನಗಳಿಗೆ 6,000 ಮತ್ತು ವಾರಾಂತ್ಯಕ್ಕೆ 8,000 ವಾಹನಗಳ ಮಿತಿ ಬಂತು. ಮುಳ್ಳಯ್ಯನಗಿರಿಯ ವ್ಯವಸ್ಥೆ ಈ ಎರಡನೆಯ ಜಾತಿಗೆ ಸೇರಿದ್ದು.

ವಾಹನದ ಮಿತಿಯನ್ನು ನಾಳೆಯೇ ಜಾರಿ ಮಾಡಬಹುದು, ಅನುಕೂಲವಿಲ್ಲದಿದ್ದರೆ ಸಡಿಲಿಸಬಹುದು. ಆದರೆ ಅದು ಆಗಲೇ ಕಟ್ಟಿದ ಕೋಣೆಯನ್ನು ಕಡಿಮೆ ಮಾಡುವುದಿಲ್ಲ. ಸಾಲ ಮಾಡಿ ಕಟ್ಟಿದವರು ಬೇರೆ ದಾರಿಯಲ್ಲಿ ಅತಿಥಿಗಳನ್ನು ತರಿಸಲು ನೋಡುತ್ತಾರೆ. ಹಾಸಿಗೆಯ ಮಿತಿ ಮೂಲಕ್ಕೆ ಕೈ ಹಾಕುತ್ತದೆ, ಆದರೆ ಇರುವ ಹಾಸಿಗೆಯನ್ನೇ ಆಸ್ತಿಯಾಗಿಸಿ ಈಗಿನ ಮಾಲೀಕರನ್ನು ಶ್ರೀಮಂತಗೊಳಿಸುತ್ತದೆ, ಹೊಸಬರಿಗೆ ಬಾಗಿಲು ಮುಚ್ಚುತ್ತದೆ. ಕರ್ನಾಟಕದಲ್ಲಿ ಅದಕ್ಕೂ ಮೊದಲಿನ ಅಡ್ಡಿ ಬೇರೆಯೇ ಇದೆ. ನೋಂದಣಿಯ ಹೊರಗೇ ಇಷ್ಟು ಕೋಣೆಗಳಿರುವಾಗ ಮಿತಿಯನ್ನು ಯಾವ ಅಂಕಿಗೆ ನಿಲ್ಲಿಸಬೇಕು? ದಂಡವಿಲ್ಲದೆ ಎಲ್ಲರನ್ನೂ ಒಮ್ಮೆ ಪಟ್ಟಿಗೆ ತರುವ, ಜಮ್ಮಾ ಜಮೀನಿನವರಿಗೆ ಸ್ವಾಧೀನದ ಪುರಾವೆಯನ್ನೇ ಸಾಕೆನ್ನುವ ಅವಕಾಶ ಕೊಡದೆ ಆ ಅಂಕಿ ಸಿಗಲಾರದು. ನೋಂದಣಿಯ ಅರ್ಜಿಯಲ್ಲೇ ಕಟ್ಟಡ ನಿಂತ ಇಳಿಜಾರಿನ ಪ್ರಮಾಣ, ಧರೆ ಕಡಿದ ಎತ್ತರ, ನೀರಿನ ಮೂಲ ಎಂಬ ಮೂರು ಸಾಲು ಸೇರಿಸಿದರೆ 2018ರ ನಂತರ ತಜ್ಞರು ಹೇಳಿದ್ದೂ ಪ್ರವಾಸೋದ್ಯಮ ಇಲಾಖೆ ಕೇಳುವುದೂ ಮೊದಲ ಬಾರಿಗೆ ಒಂದೇ ಕಾಗದದಲ್ಲಿ ಕಾಣಿಸಿಕೊಳ್ಳುತ್ತವೆ.

ಸದ್ಯಕ್ಕೆ ಏನಾಗಬಹುದು

2025ರ ಫೆಬ್ರುವರಿಯಲ್ಲಿ ಅರೇಬಿಕಾ ಅಂತರರಾಷ್ಟ್ರೀಯ ಮಾರುಕಟ್ಟೆಯಲ್ಲಿ ದಾಖಲೆಯ ಬೆಲೆ ಕಂಡಿತು. ಕಾಫಿಯೇ ಲಾಭ ತಂದರೆ ಹೋಂಸ್ಟೇಗಳ ಹುಚ್ಚು ಇಳಿಯುತ್ತದೆ ಎಂದು ಕೆಲವರು ನಿರೀಕ್ಷಿಸಿದರು. ತೋಟವನ್ನೇ ನಂಬಿದ ಕುಟುಂಬಗಳ ಮಟ್ಟಿಗೆ ಅದು ಸ್ವಲ್ಪ ನಿಜವಾಗಬಹುದು. ಅತಿಥಿಗಳ ಕಾಟ ಸಾಕೆಂದು ಕೋಣೆಗೆ ಬೀಗ ಹಾಕುವವರು ಇರುತ್ತಾರೆ. ಕೋಣೆಗಾಗಿಯೇ ಜಮೀನು ಕೊಂಡವರಿಗೆ ಕಾಫಿಯ ಬೆಲೆ ಲೆಕ್ಕಕ್ಕೆ ಬರುವುದಿಲ್ಲ.

ಇಎಸ್‌ಎ ಕರಡಿನ ಕಥೆ 2014ರಿಂದ ಒಂದೇ ರೀತಿ ನಡೆದಿದೆ: ಕರಡು ಬರುತ್ತದೆ, ರಾಜ್ಯ ಆಕ್ಷೇಪಿಸುತ್ತದೆ, ಅವಧಿ ಮುಗಿಯುತ್ತದೆ, ಮತ್ತೊಂದು ಕರಡು ಬರುತ್ತದೆ. ಅಂತಿಮ ಅಧಿಸೂಚನೆ ಬಂದರೂ 20,000 ಚದರ ಮೀಟರಿನ ಗಡಿ ಹಾಗೇ ಇದ್ದರೆ ಹೋಂಸ್ಟೇಗಳ ದೈನಂದಿನ ವ್ಯವಹಾರದಲ್ಲಿ ಹೆಚ್ಚಿನ ಬದಲಾವಣೆ ಕಾಣದು. ಅದು ಬರಲಿ, ಬಾರದಿರಲಿ, ಮುಂದಿನ ಕೆಲವು ವರ್ಷಗಳಲ್ಲಿ ಬೆಟ್ಟದ ಮೇಲೆ ಹೆಚ್ಚು ಪ್ರಭಾವ ಬೀರುವುದು ಸದ್ದಿಲ್ಲದೆ ಜಾರಿಗೆ ಬಂದ ತೆರಿಗೆಯ ಗಡಿ ಮತ್ತು ಸಾಲದ ನಿಯಮ. ಅವೆರಡೂ ಈಗ ಇರುವ ರೂಪದಲ್ಲಿ ಕಡಿಮೆ ಕೋಣೆಯ ಹಳೆಯ ಮನೆಗಿಂತ ಹೆಚ್ಚು ಕೋಣೆಯ ಹೊಸ ಕಟ್ಟಡಕ್ಕೆ ಅನುಕೂಲವಾಗಿವೆ. ಹಳೆಯ ಬಂಗಲೆಗಳಲ್ಲಿ ಕಂಪನಿಗಳ ಕೈಯಲ್ಲಿರುವವು ದುಬಾರಿ ದರದಲ್ಲೇ ಉಳಿದುಕೊಳ್ಳುತ್ತವೆ. ಕುಟುಂಬಗಳ ಕೈಯಲ್ಲಿರುವವು ಒಂದೋ ಗಡಿಯ ಕೆಳಗೆ ಬಂದು ಹಿತ್ತಿಲಲ್ಲಿ ಇನ್ನಷ್ಟು ಕೋಣೆ ಸೇರಿಸಿಕೊಳ್ಳುತ್ತವೆ, ಇಲ್ಲವೇ ದುರಸ್ತಿಯ ಖರ್ಚು ತಾಳಲಾರದೆ ಮಾರಾಟಕ್ಕೆ ಬರುತ್ತವೆ.